ಎಲ್ಲಕ್ಕೂ ಹೌದು ಎಂದ ಸಾಲು

"ಏನು, ಪೆಟ್ಟಿಗೆ ಕಟ್ಟೋದು ನೋಡೋಕೆ ಬಂದ್ಯಾ?"

ಬಾಗಿಲಲ್ಲಿ ನಿಂತ ಸೈಮಿಯನ್ನು ಕಂಡು ಓಸ್ಮೊ ನಗಲು ನೋಡಿದ. ಔಲು ನಗರದ ಹಳೆಯ ವಿಡಿಯೊ ಸಂಗ್ರಹದ ನೆಲಮಾಳಿಗೆಯಲ್ಲಿ ಅವನ ಕೆಲಸದ ಕೊನೆಯ ದಿನವದು. ಜೊತೆಗೆ ಕೆಲಸ ಮಾಡುತ್ತ ಒಂದೇ ಲೋಟದಲ್ಲಿ ಕಾಫಿ ಕುಡಿದವರು ಮೂರು ತಿಂಗಳಿಂದ ಮಾತಾಡಿರಲಿಲ್ಲ.

ಆಡುವುದಾದರೂ ಹೇಗೆ? ಸೈಮಿಯ ತೀರಿಕೊಂಡ ಅಪ್ಪನ ದನಿಯಿದ್ದ ಒಂದೇ ಟೇಪು! ಕಂಪ್ಯೂಟರಿಗೆ ಇಳಿಸುವಾಗಲೇ ಅದು ಪುಡಿಯಾಗಿತ್ತು. ಉಳಿದ ಫೈಲನ್ನೂ ಓಸ್ಮೊ ಬರೆದ ಕಂಪ್ಯೂಟರ್ ಸ್ಕ್ರಿಪ್ಟು ಅಳಿಸಿ, 'ಕ್ರಿಸ್‌ಮಸ್' ಎಂಬ ಅದೇ ಹೆಸರಿನಲ್ಲಿ ಯಾವುದೋ ಚರ್ಚಿನ ಹಾಡು ಬರೆದಿಟ್ಟಿತ್ತು.

'ತಪ್ಪು ನನ್ನದೇ' ಎಂದಿದ್ದ ಅವನು. ಅಷ್ಟೇ.

"ಇವತ್ತು ನಿನ್ನ ಸ್ಕ್ರಿಪ್ಟು ತೆಗೆದು ನೋಡ್ದೆ..." ಎಂದಳು ಸೈಮಿ.

ಟೇಪಿನ ವಿಡಿಯೊವನ್ನು ಫೈಲಾಗಿ ಬದಲಿಸುವ ಸಲಕರಣೆಯನ್ನು ಆ ಪೈಥಾನ್ ಸ್ಕ್ರಿಪ್ಟು ತೆರೆಮರೆಯಲ್ಲಿ ಓಡಿಸುತ್ತಿತ್ತು. ಅದೇ ಹೆಸರಿನ ಫೈಲು ಮೊದಲೇ ಇದ್ದರೆ ಸಲಕರಣೆ 'ಹಳೆಯದನ್ನು ಅಳಿಸಲೇ?' ಎಂದು ಕೇಳಿ ಕಾಯುತ್ತದೆ. ಆ ಪ್ರಶ್ನೆ ಯಾರ ಕಣ್ಣಿಗೂ ಬೀಳುವುದಿಲ್ಲ. ಕೆಲಸ ಸದ್ದಿಲ್ಲದೆ ನಿಂತುಬಿಡುತ್ತದೆ. ಹಾಗೆ ನಿಲ್ಲದಿರಲೆಂದು ಯಾರೋ 'ಎಲ್ಲಕ್ಕೂ ಹೌದು' ಎಂಬ ಆಜ್ಞೆ ಸೇರಿಸಿದ್ದರು.

ಯಾರು ಯಾವ ಸಾಲು ಬರೆದರೆಂಬ ದಾಖಲೆಯಲ್ಲಿ ಆ ಸಾಲಿನ ಪಕ್ಕ ಇದ್ದ ಹೆಸರು... ಸೈಮಿ.

ಆಸ್ಪತ್ರೆಯಿಂದ ಕರೆ ಬಂದ ಮಧ್ಯಾಹ್ನ! ನಿಂತುಹೋದ ಸ್ಕ್ರಿಪ್ಟಿಗೆ ಆ ಸಾಲು ತುರುಕಿ, ಕೋಟು ಎತ್ತಿಕೊಂಡು ಓಡಿದ್ದಳು. ಅಲ್ಲಿ ಅಪ್ಪ ಹೋದ. ಇಲ್ಲಿ ಅವನ ದನಿಯೂ...

"ನಿನಗೆ ಗೊತ್ತಿತ್ತು! ಯಾಕೆ ಹೇಳ್ಲಿಲ್ಲ ಕಣೋ?"

"ಹೇಳಿದ್ರೆ ನಿನ್ನನ್ನ ನೀನೇ ಸುಟ್ಕೋತಿದ್ದೆ. ಅದರ ಬದಲು ನನ್ನ ಬಯ್ಕೊಳ್ಲಿ ಅಂದ್ಕೊಂಡೆ. ನೀನು ಬಯ್ಲೂ ಇಲ್ಲ, ಮಾತೇ ಬಿಟ್ಟೆ."

ಅವಳು ಪೆಟ್ಟಿಗೆಯೊಂದರ ಮೇಲೆ ಕುಳಿತಳು.

"ಆ ಟೇಪು ಓಡ್ದಾಗ ನಾನು ಕೇಳ್ದೆ," ಎಂದ ಓಸ್ಮೊ ಮೆಲ್ಲಗೆ. "ಹೇಳೋಣ ಅಂತ ಬಂದಾಗೆಲ್ಲ ನೀನು ಎದ್ದು ಹೋಗ್ತಿದ್ದೆ. ನಿಮ್ಮಪ್ಪ ಒಲೆಗೆ ಕಟ್ಟಿಗೆ ಹಾಕ್ತಾ, 'ಸೈಮಿ, ಬಾಗಿಲು ಹಾಕೇ ಪುಟ್ಟಿ, ಚಳಿ ಒಳಗ್ ಬರುತ್ತೆ' ಅಂತಾರೆ. ಪುಟ್ಟಿ ಅನ್ನುವಾಗ ಕೆಮ್ಮು ಬರುತ್ತೆ. ನನಗೆ ನೆನಪಿರೋದು ಅಷ್ಟೇ."

ಆ ದನಿ ಇನ್ನು ಎಲ್ಲೂ ಇಲ್ಲ, ಇವನ ಕಿವಿಯಲ್ಲಲ್ಲದೆ... ಇವನೂ ನಾಳೆ ಊರು ಬಿಡುತ್ತಾನೆ!

"ಇನ್ನೊಂದ್ಸಲ ಹೇಳು," ಎಂದಳು ಅಳುತ್ತ.

"ಸೈಮಿ, ಬಾಗಿಲು ಹಾಕೇ ಪುಟ್ಟಿ..."

ಅವಳು ಎದ್ದು ಬಾಗಿಲ ಕಡೆ ನಡೆದಳು. ಈಗಲೂ ಹೊರಟೇಹೋದಳು ಎಂದುಕೊಂಡು ಓಸ್ಮೊ ತಲೆ ತಗ್ಗಿಸಿದ.

ಬಾಗಿಲು ಮುಚ್ಚಿತು. ಒಳಗಿನಿಂದ.

"ಹಾಕ್ದೆ," ಎಂದಳು, ಬಾಗಿಲಿಗೆ ಬೆನ್ನು ಕೊಟ್ಟು. "ಹೋಗ್ಬೇಡ, ಓಸ್ಮೊ."

"ಪೆಟ್ಟಿಗೆ ಕಟ್ಟಾಯ್ತಲ್ಲೇ..."

"ಬಿಚ್ಚೋಣ ಬಾ. ನಾನೂ ಕೈ ಹಾಕ್ತೀನಿ."