ಭವ್ಯ ಬಿಟ್ಟ ಸಾಲು

“ಹಲೋ, ಮೈಕ್ ಟೆಸ್ಟಿಂಗ್... ಕೇಳಸಾಕತ್ತೈತೇನ್ರಿ?”

“ಕೇಳಸ್ತೈತಿ, ಮುಂದ ಹೇಳವಾ!” ಎಂದು ಹುಸೇನಪ್ಪ ತನ್ನ ಲಾರಿಯ ಬಂಪರಿನ ಮೇಲೆ ಕುಳಿತಲ್ಲಿಂದಲೇ ಕೂಗಿದ.

ಭವ್ಯ ಆಟೋದ ಹಿಂದಿನ ಸೀಟಿನ ಮೇಲೆ ನಿಂತು ಮೈಕನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಆಟೋಗೆ ಅವಳ ಸೋದರಮಾವ ತಿಪ್ಪೇಶನ ದೊಡ್ಡ ಫೋಟೊ ಕಟ್ಟಿದ್ದರು. ಫೋಟೊದ ಪಕ್ಕದಲ್ಲಿ ಸೀಲಿಂಗ್ ಫ್ಯಾನಿನ ಚಿತ್ರ. ಗ್ರಾಮ ಪಂಚಾಯ್ತಿ ಚುನಾವಣೆಯಲ್ಲಿ ಅವನಿಗೆ ಸಿಕ್ಕ ಗುರುತು ಅದೇ.

“ಕರೆಂಟ ಇರಂಗಿಲ್ಲ, ಫ್ಯಾನ್ ಹೆಂಗ ತಿರಗತೈತೋ ಏನೋ!” ಎಂದು ಯಾರೋ ಅಂದರು. ಡ್ರೈವರ್ ಓಣಿಯ ಜನ ನಕ್ಕರು.

ಮಾಮ ಇನ್ನೂ ಓಣಿಯ ಆ ತುದಿಯಲ್ಲಿ ಮನೆ ಮನೆಗೆ ಹೋಗಿ ಕೈಮುಗಿಯುತ್ತಿದ್ದ. ಅವನು ಮಾತಾಡುವ ಮುಂಚೆ ಪ್ರತಿ ಓಣಿಯಲ್ಲೂ ಭವ್ಯ ಒಂದು ವಚನ ಹೇಳಬೇಕು. ಅದು ಅವಳ ಕೆಲಸ. ಅವಳು ಕಣ್ಣು ಮುಚ್ಚಿ ವಚನ ಹೇಳಿದಳು. ಚಪ್ಪಾಳೆ ಬಿತ್ತು. ಕಣ್ಣು ತೆರೆದರೆ ಮಾಮ ಬಂದೇ ಇರಲಿಲ್ಲ.

“ಮುಂದೇನವಾ?” ಎಂದ ಹುಸೇನಪ್ಪ.

ಮುಂದೇನು ಎಂಬುದು ಭವ್ಯಳಿಗೆ ಗೊತ್ತಿತ್ತು. ವಚನ ಆದ ಮೇಲೆ ಮಾಮನ ಭಾಷಣ. ನಿನ್ನೆ ತಮ್ಮದೇ ಮಠದ ಓಣಿಯಲ್ಲಿ ಅವನು ಆಡಿದ ಮಾತೆಲ್ಲ ಅವಳ ಬಾಯಲ್ಲೇ ಇತ್ತು.

ಕೇಳಿದ್ದನ್ನು ಕೇಳಿದ ಹಾಗೆಯೇ ಹೇಳುವುದು ಅವಳಿಗೆ ಅಜ್ಜಿಯಿಂದ ಬಂದದ್ದು. ದಿನಾ ಬೆಳಿಗ್ಗೆ ಪೂಜೆಯಾದ ಮೇಲೆ ಮುದುಕಮ್ಮಜ್ಜಿ ಗೋಡೆಗೆ ಒರಗಿ, ಕಣ್ಣು ಮುಚ್ಚಿ, ಕೈಯನ್ನು ನೆಲದ ಮೇಲಿಟ್ಟು ಕೂರುವಳು. ಭವ್ಯ ಎದುರಿಗೆ ಕುಳಿತು ಬಾಯಿಪಾಠ ಒಪ್ಪಿಸಬೇಕು. ಒಂದು ಪದ ಬಿಟ್ಟರೂ ಅಜ್ಜಿಯ ಬೆರಳು ನೆಲವನ್ನು ‘ಟಕ್’ ಎಂದು ಬಡಿಯುತ್ತಿತ್ತು. ಬೈಗುಳ ಇಲ್ಲ, ಏನಿಲ್ಲ. ಟಕ್ ಅಂದರೆ ಮೊದಲಿನಿಂದ.

ವಚನವನ್ನು ಮನೆಯಲ್ಲಿ ಹೇಳಿದರೂ ಅದೇ, ಮಠದಲ್ಲಿ ಹೇಳಿದರೂ ಅದೇ. ಭಾಷಣವೂ ಹಾಗೆಯೇ ಎಂದು ಭವ್ಯ ತಿಳಿದಿದ್ದಳು.

ಅವಳು ಮಾಮನ ಹಾಗೆಯೇ ಒಮ್ಮೆ ಕೆಮ್ಮಿದಳು. ಮಾಮನ ಹಾಗೆಯೇ ಬಲಗೈ ಎತ್ತಿದಳು.

“ಹಿರಿಯರೇ, ಅಕ್ಕಂದಿರೇ, ನಾನು ನಿಮ್ಮ ಮನಿ ಮಗ...”

ಜನ ಬಿದ್ದು ಬಿದ್ದು ನಕ್ಕರು. “ಥೇಟ್ ತಿಪ್ಪೇಶನ!” ಎಂದು ಹುಸೇನಪ್ಪನ ಮಗ, ಭವ್ಯಳ ಕ್ಲಾಸಿನ ಗಾದಿಲಿಂಗ ಸಿಳ್ಳೆ ಹಾಕಿದ. ಭವ್ಯಳಿಗೆ ಹುರುಪು ಬಂತು.

“ಬೀದಿ ದೀಪ ಹಾಕಸ್ತೀನಿ. ಗಟಾರ ಕಟ್ಟಸ್ತೀನಿ. ನಮ್ಮ ಮಕ್ಕಳು ಧೂಳು ಕುಡದು ಕೆಮ್ಮೋದು ಸಾಕು. ಹಗಲು ಹೊತ್ತು ಒಂದು ಅದಿರು ಲಾರೀನೂ ನಮ್ಮೂರಾಗ ಬಿಡಂಗಿಲ್ಲ. ಇದು ತಿಪ್ಪೇಶನ ಮಾತು!”

ನಗು ನಿಂತಿತು.

ಹುಸೇನಪ್ಪ ಬಂಪರಿನಿಂದ ನಿಧಾನವಾಗಿ ಎದ್ದ. ಓಣಿಯ ಉದ್ದಕ್ಕೂ ಲಾರಿಗಳು ಸಾಲಾಗಿ ನಿಂತಿದ್ದವು. ಸಂಡೂರಿನ ಗಣಿಯಿಂದ ಅದಿರು ಹೊತ್ತು ತರುವ ಲಾರಿಗಳು. ಆ ಓಣಿಯ ಪ್ರತಿ ಮನೆಯ ಒಲೆ ಉರಿಯುವುದು ಅವುಗಳಿಂದಲೇ.

ಅಷ್ಟರಲ್ಲಿ ಮಾಮ ಓಡಿಬಂದ. ಅವಳ ಕೈಯಿಂದ ಮೈಕ್ ತೆಗೆದುಕೊಂಡ. ಅವನ ಹಣೆಯ ಮೇಲೆ ಬೆವರಿತ್ತು.

“ಏ, ಸಣ್ಣ ಹುಡುಗಿ ರೀ. ಏನೋ ಕೇಳಿ ಏನೋ ಹೇಳ್ಯಾಳ. ನಾನು ಹಂಗ ಅಂದೇ ಇಲ್ಲ. ಲಾರಿ ನಿಂತ್ರ ನಮ್ಮ ಅಣ್ಣತಮ್ಮಂದಿರ ಹೊಟ್ಟಿ ಮ್ಯಾಲೆ ಹೊಡದಂಗ. ನಿಮ್ಮ ಲಾರಿ ಯಾರೂ ನಿಲ್ಲಸಂಗಿಲ್ಲ. ಇದು ತಿಪ್ಪೇಶನ ಮಾತು!”

ಭವ್ಯ ಸೀಟಿನ ಮೇಲೆ ಕುಸಿದು ಕುಳಿತಳು. ಏನೋ ಕೇಳಿ ಏನೋ ಹೇಳಿದ್ದೇನೆಯೇ? ನಾನು?

ಮನೆಗೆ ಬಂದ ಮೇಲೆ ಮಾಮ ಗದರಲಿಲ್ಲ. ಅಂಗಳದಲ್ಲಿ ಅವಳ ಮುಂದೆ ಕುಕ್ಕರುಗಾಲಲ್ಲಿ ಕುಳಿತ.

“ಭವ್ಯಾ, ಯಾರಾರ ಕೇಳಿದ್ರ ನೆನಪಿಲ್ಲ ಅನ್ನು.”

“ನೆನಪೈತಿ ಮಾಮ.”

“ಐತಿ. ಆದ್ರೂ ಇಲ್ಲ ಅನ್ನು. ನಿಮ್ಮ ಮಾಮ ಗೆಲ್ಲಬೇಕೋ ಬ್ಯಾಡೋ?”

“ಗೆಲ್ಲಬೇಕು.”

ಅದು ಸುಳ್ಳಲ್ಲ. ಮಾಮ ಗೆಲ್ಲಬೇಕು ಎಂದು ಅವಳಷ್ಟು ಬಯಸಿದವರು ಯಾರೂ ಇರಲಿಲ್ಲ. ದಿನಾ ಬೆಳಿಗ್ಗೆ ಮಠದ ಓಣಿಯ ಮಕ್ಕಳನ್ನೆಲ್ಲ ರಸ್ತೆ ದಾಟಿಸುತ್ತಿದ್ದವನು ಅವನೇ. ಒಂದು ಕೈಯಲ್ಲಿ ಭವ್ಯಳ ಹೆಗಲು ಹಿಡಿದು, ಇನ್ನೊಂದು ಕೈ ಎತ್ತಿ ನಿಂತರೆ ಎಂಥ ಲಾರಿಯೂ ನಿಲ್ಲುತ್ತಿತ್ತು.

ಒಳಗಿನಿಂದ ಅಜ್ಜಿ ಮೊರದಲ್ಲಿ ಅಕ್ಕಿ ಕೇರುವ ಸದ್ದು ಬರುತ್ತಿತ್ತು. ನಡುವೆ ಅದು ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಶುರುವಾಯಿತು.

ಮರುದಿನ ಶಾಲೆಯಲ್ಲಿ ಬಿಸಿಯೂಟ ಬಡಿಸುತ್ತಿದ್ದ ದುರ್ಗಕ್ಕ ಭವ್ಯಳ ತಟ್ಟೆಯ ಮುಂದೆ ಸೌಟು ಹಿಡಿದು ನಿಂತಳು. ಅವಳದೂ ಮಠದ ಓಣಿಯೇ.

“ಏನವಾ, ನಿಮ್ಮ ಮಾಮ ಡ್ರೈವರ್ ಓಣ್ಯಾಗ ಬ್ಯಾರೇನ ಹೇಳ್ಯಾನಂತಲ್ಲ? ಇಲ್ಲಿ ನೋಡು, ಮುಚ್ಚಳ ತೆಗದ್ರ ಸಾಂಬಾರದಾಗ ಕೆಂಪು ಧೂಳು. ಯಾವ ಮಾತು ನಂಬ್ಲಿ ನಾನು?”

“ನನಗ... ನೆನಪಿಲ್ಲ ದುರ್ಗಕ್ಕ.”

“ಲೇ, ನಿನಗ ನೆನಪಿಲ್ಲಾ?” ಎಂದ ಪಕ್ಕದಲ್ಲಿದ್ದ ಗಾದಿಲಿಂಗ. “ಇಡೀ ಮಗ್ಗಿ ಹಿಂದಿಂದ ಮುಂದಕ ಹೇಳ್ತಿ!”

ಭವ್ಯ ತಟ್ಟೆ ಎತ್ತಿಕೊಂಡು ಸಾಲಿನ ಕೊನೆಗೆ ಹೋಗಿ ಕುಳಿತಳು.

ಸೋಮವಾರ ಸಂಜೆ ಮಠದಲ್ಲಿ ಭಜನೆ. ಆ ದಿನ ಎಲ್ಲ ಓಣಿಯವರೂ ಬರುತ್ತಾರೆ. ಭಜನೆ ಮುಗಿದರೂ ಯಾರೂ ಏಳಲಿಲ್ಲ. ತಾಳಗಳನ್ನು ಚೀಲದೊಳಗೆ ಇಡುತ್ತಿದ್ದಂತೆಯೇ ಮಾತು ಎದ್ದಿತು.

“ನಮ್ಮ ಮುಂದ ಲಾರಿ ಬಿಡಂಗಿಲ್ಲ ಅಂದಾನ. ನಾನು ಕಿವಿಯಾರ ಕೇಳೀನಿ” ಎಂದಳು ದುರ್ಗಕ್ಕ.

“ನಮ್ಮ ಮುಂದ ನಿಲ್ಲಸಂಗಿಲ್ಲ ಅಂದಾನ. ನನಗೂ ಕಿವಿ ಅದಾವು” ಎಂದ ಹುಸೇನಪ್ಪ.

ವಯಸ್ಸಾದ ಜಡೆಪ್ಪ ಕಂಬಕ್ಕೆ ಒರಗಿ ನಕ್ಕ. “ಇಬ್ಬರಿಗೂ ಬೇಕಾದ್ದು ಕೊಟ್ಟಾನ ಬಿಡ್ರಿ. ಮತ್ಯಾಕ ಜಗಳ?”

“ನಗಬ್ಯಾಡ್ರಿ ಜಡೆಪ್ಪಜ್ಜ. ನನ್ನ ಮೊಮ್ಮಗ ರಾತ್ರಿ ಎಲ್ಲಾ ಕೆಮ್ಮತಾನ” ಎಂದಳು ದುರ್ಗಕ್ಕ.

“ನನಗೂ ಮಕ್ಕಳು ಅದಾವು ಅಕ್ಕ. ಲಾರಿ ನಿಂತ್ರ ಅವಕ್ಕ ಏನು ಉಣಸ್ಲಿ?” ಎಂದ ಹುಸೇನಪ್ಪ.

“ಮನುಷ್ಯ ಅಂದಮ್ಯಾಲ ವಿಚಾರ ಬದಲಾಗಬಾರದೇನು?” ಎಂದ ಜಡೆಪ್ಪ, ಈಗ ನಗದೆ. “ನಿಮ್ಮ ಓಣಿಗೆ ಬಂದು ನಿಮ್ಮ ಕಷ್ಟ ನೋಡಿ ಮನಸು ಬದಲಾಗಿರಬೇಕು.”

“ಬದಲಾಗ್ಲಿ” ಎಂದಳು ದುರ್ಗಕ್ಕ. “ಬದಲಾಗೈತಿ ಅಂತ ನಮ್ಮ ಓಣಿಗೆ ಬಂದು ಹೇಳಬೇಕಲ್ಲ? ನಾವು ಇನ್ನೂ ಹಳೇ ಮಾತು ಹಿಡಕೊಂಡು ಕುಂತೀವಿ.”

ತಿಪ್ಪೇಶ ಬಾಗಿಲ ಹತ್ತಿರ ನಿಂತಿದ್ದ. “ನಾನು ಲಾರಿ ಬಿಡಂಗಿಲ್ಲ ಅಂತ ಅಂದೇ ಇಲ್ರಿ ದುರ್ಗಕ್ಕ. ಧೂಳು ಕಡಿಮಿ ಮಾಡ್ತೀನಿ ಅಂದಿದ್ದೆ, ಅಷ್ಟ.”

“ಹಂಗಾದ್ರ ನಾನು ಸುಳ್ಳಿ?”

ಎಲ್ಲರೂ ಒಟ್ಟಿಗೇ ಮಾತಾಡತೊಡಗಿದರು. ಕೇಳಿದೆ ಅನ್ನುವವರು, ಕೇಳಿಲ್ಲ ಅನ್ನುವವರು. ಕೊನೆಗೆ ಜಡೆಪ್ಪ ಕೈ ಎತ್ತಿದ.

“ಎರಡೂ ಓಣ್ಯಾಗ ಇದ್ದವಳು ಒಬ್ಬಾಕಿ ಅದಾಳ. ಭವ್ಯಾ, ಬಾರವಾ ಇಲ್ಲಿ. ಮಠದ ಓಣ್ಯಾಗ ನಿಮ್ಮ ಮಾಮ ಏನಂದ, ಒಂದ ಸಲ ಹೇಳಿಬಿಡು.”

ಭವ್ಯ ಎದ್ದು ನಿಂತಳು. ಕಾಲಡಿಯ ಕಲ್ಲು ತಣ್ಣಗಿತ್ತು. ಮಾಮ ಅವಳನ್ನೇ ನೋಡುತ್ತಿದ್ದ. ನೆನಪಿಲ್ಲ ಅನ್ನಬೇಕು. ಆದರೆ ಇಲ್ಲಿ, ವಾರವಾರವೂ ತಾನು ವಚನ ಹೇಳುವ ಜಾಗದಲ್ಲಿ, ಆ ಮಾತು ಬಾಯಿಗೆ ಬರಲಿಲ್ಲ.

ಇನ್ನೊಂದು ದಾರಿ ಅವಳಿಗೆ ಹೊಳೆಯಿತು. ಎಲ್ಲವನ್ನೂ ಹೇಳುವುದು. ಒಂದೇ ಒಂದು ಸಾಲು ಬಿಡುವುದು.

“ಹಿರಿಯರೇ, ಅಕ್ಕಂದಿರೇ, ನಾನು ನಿಮ್ಮ ಮನಿ ಮಗ” ಎಂದು ಶುರುಮಾಡಿದಳು. ಈ ಸಲ ಕೆಮ್ಮಲಿಲ್ಲ, ಕೈ ಎತ್ತಲಿಲ್ಲ. ಯಾರೂ ನಗಲಿಲ್ಲ. “ಬೀದಿ ದೀಪ ಹಾಕಸ್ತೀನಿ. ಗಟಾರ ಕಟ್ಟಸ್ತೀನಿ. ನಮ್ಮ ಮಕ್ಕಳು ಧೂಳು ಕುಡದು ಕೆಮ್ಮೋದು ಸಾಕು. ಇದು ತಿಪ್ಪೇಶನ ಮಾ—”

ಟಕ್.

ಸದ್ದು ಸಣ್ಣದು. ಆದರೆ ಮಠದ ಕಲ್ಲುನೆಲದಲ್ಲಿ ಎಲ್ಲರಿಗೂ ಕೇಳಿಸಿತು.

ಗೋಡೆಯ ಪಕ್ಕದಲ್ಲಿ ಮುದುಕಮ್ಮಜ್ಜಿ ಕಣ್ಣು ಮುಚ್ಚಿ ಕುಳಿತಿದ್ದಳು. ಮಠದ ಓಣಿಯಲ್ಲಿ ಮಗ ಮಾತಾಡಿದ ದಿನ ಅವಳೂ ಮನೆಯ ಕಟ್ಟೆಯ ಮೇಲೆ ಕುಳಿತು ಕೇಳಿದ್ದಳಲ್ಲ! ಅವಳ ಕೈ ನೆಲದ ಮೇಲಿತ್ತು.

ಟಕ್ ಅಂದರೆ ಮೊದಲಿನಿಂದ.

ಭವ್ಯಳ ಕಣ್ಣು ತುಂಬಿತು. ಅಜ್ಜಿಗೆ ತನ್ನ ಮೇಲೆ ಸಿಟ್ಟು ಬಂದಿದೆ ಅಂದುಕೊಂಡಳು. ಮತ್ತೆ ಶುರುಮಾಡಿದಳು. “ಹಿರಿಯರೇ, ಅಕ್ಕಂದಿರೇ...” ಬೀದಿ ದೀಪ ಬಂತು. ಗಟಾರ ಬಂತು. ಮಕ್ಕಳ ಕೆಮ್ಮು ಬಂತು. ಮುಂದಿನ ಸಾಲು ನಾಲಿಗೆಯ ಮೇಲೆ ಬಂದು ನಿಂತಿತು.

“ಸಾಕು ಭವ್ಯಾ.”

ಮಾಮ ಜನರ ನಡುವೆ ನಡೆದು ಬಂದು ಅವಳ ಪಕ್ಕದಲ್ಲಿ ನಿಂತ. ರಸ್ತೆ ದಾಟಿಸುವಾಗ ಇಡುತ್ತಿದ್ದ ಹಾಗೆ ಅವಳ ಹೆಗಲ ಮೇಲೆ ಕೈ ಇಟ್ಟ.

“ಉಳದದ್ದು ನಾನು ಹೇಳ್ತೀನಿ. ಹಗಲು ಹೊತ್ತು ಒಂದು ಅದಿರು ಲಾರೀನೂ ನಮ್ಮೂರಾಗ ಬಿಡಂಗಿಲ್ಲ ಅಂದೆ. ಮರುದಿನ, ನಿಮ್ಮ ಲಾರಿ ಯಾರೂ ನಿಲ್ಲಸಂಗಿಲ್ಲ ಅಂದೆ. ಎರಡೂ ನಾನ ಅಂದದ್ದು. ದುರ್ಗಕ್ಕ ಸುಳ್ಳಿ ಅಲ್ಲ. ಈ ಹುಡುಗಿ ಅವತ್ತು ಒಂದು ಪದಾನೂ ತಪ್ಪಿಲ್ಲ.”



“ಎರಡರಾಗ ಖರೇ ಯಾವುದು?” ಎಂದಳು ದುರ್ಗಕ್ಕ.

“ನಿಮ್ಮ ಮುಂದ ನಿಂತಾಗ ಅದು ಖರೇನ ಅನ್ನಿಸ್ತು. ಹುಸೇನಪ್ಪಣ್ಣನ ಮುಂದ ನಿಂತಾಗ ಇದೂ ಖರೇನ ಅನ್ನಿಸ್ತು.”

“ನಿನಗ ಅನ್ನಿಸಿದ್ದಕ್ಕ ವೋಟ್ ಹಾಕಾಕ ಆಕೈತೇನು ತಿಪ್ಪೇಶ?” ಎಂದ ಹುಸೇನಪ್ಪ. ಅವನ ದನಿಯಲ್ಲಿ ಸಿಟ್ಟಿಗಿಂತ ಬೇಸರವಿತ್ತು.

ಜನ ಒಬ್ಬೊಬ್ಬರಾಗಿ ಎದ್ದು, ಚಪ್ಪಲಿ ಹುಡುಕಿಕೊಂಡು ಹೋದರು.

ಎರಡು ದಿನ ಆಟೋ ಮನೆಯ ಮುಂದೆಯೇ ನಿಂತಿತ್ತು. ಇನ್ನು ಮಾಮ ಊರಲ್ಲಿ ಮುಖ ತೋರಿಸುವುದಿಲ್ಲ ಎಂದು ಭವ್ಯ ಅಂದುಕೊಂಡಳು. ಅಷ್ಟರಲ್ಲಿ ಮಾಮ ಮೈಕಿನ ಬ್ಯಾಟರಿ ಚಾರ್ಜ್ ಮಾಡಿ ತಂದ.

“ಬರ್ತೀಯೇನು? ಒತ್ತಾಯ ಇಲ್ಲ.”

ಭವ್ಯ ಹತ್ತಿ ಕುಳಿತಳು.

ಮೊದಲು ಡ್ರೈವರ್ ಓಣಿ. ಅವಳು ವಚನ ಹೇಳಿದಳು. ಮಾಮ ಮೈಕ್ ಹಿಡಿದ. ಈ ಸಲ ಕೈ ಎತ್ತಿ ಕೂಗಲಿಲ್ಲ.

“ಶಾಲಿ ಬಿಡೋ ಹೊತ್ತು, ಕೂಡೋ ಹೊತ್ತು ಊರಾಗ ಲಾರಿ ಬ್ಯಾಡ ಅಂತೀನಿ. ಉಳದ ಹೊತ್ತು ಓಡ್ಲಿ. ಓಡೋವಾಗ ಟಾರ್ಪಾಲ್ ಕಟ್ಟಬೇಕು. ಊರ ಹೊರಗ ರಸ್ತಿ ಮಾಡೋದು ಪಂಚಾಯ್ತಿ ಕೈಯಾಗಿಲ್ಲ. ಅದಕ್ಕ ಅರ್ಜಿ ಕೊಡ್ತೀನಿ. ಆಕೈತಿ ಅಂತ ಹೇಳಂಗಿಲ್ಲ.”

ಕೆಲವರು ಎದ್ದು ಹೋದರು. ಒಬ್ಬ “ಇದೂ ನಾಳೆ ಬದಲಾಕೈತಿ ಬಿಡು” ಎಂದು ಜೋರಾಗಿಯೇ ಅಂದ. ಹುಸೇನಪ್ಪ ಕೈಕಟ್ಟಿಕೊಂಡು ಕೊನೆಯವರೆಗೂ ಕೇಳಿದ.

ಆಮೇಲೆ ಮಠದ ಓಣಿ. ಮಾಮ ಮಾತು ಶುರುಮಾಡಿದಾಗ ಭವ್ಯ ತುಟಿಯಲ್ಲೇ ಅವನ ಜೊತೆಗೆ ಹೇಳಿಕೊಳ್ಳುತ್ತ ಹೋದಳು. ಶಾಲಿ ಬಿಡೋ ಹೊತ್ತು, ಕೂಡೋ ಹೊತ್ತು. ಟಾರ್ಪಾಲ್. ಅರ್ಜಿ. ಆಕೈತಿ ಅಂತ ಹೇಳಂಗಿಲ್ಲ. “ಇಷ್ಟೇನಾ?” ಎಂದು ದುರ್ಗಕ್ಕ ಮುಖ ಸಿಂಡರಿಸಿದಳು. “ಇಷ್ಟ ಅಕ್ಕ” ಎಂದ ಮಾಮ.

ಅಲ್ಲಿ ಚಪ್ಪಾಳೆ ಬೀಳಲಿಲ್ಲ. ಮಾತು ಮುಗಿಸಿದ ಮಾಮ ಜನರ ಕಡೆ ನೋಡಲೂ ಇಲ್ಲ. ಅವನು ನೋಡಿದ್ದು ಮನೆಯ ಕಟ್ಟೆಯ ಕಡೆ. ಅಲ್ಲಿ ಅಜ್ಜಿ ಕಣ್ಣು ಮುಚ್ಚಿ ಕುಳಿತಿದ್ದಳು. ಅವಳ ಕೈ ಕಲ್ಲಿನ ಮೇಲಿತ್ತು.

ಬೆರಳು ಅಲುಗಲಿಲ್ಲ.

ಮಾಮ ಮೆಲ್ಲಗೆ ಉಸಿರು ಬಿಟ್ಟ. ಬಾಯಿಪಾಠ ಒಪ್ಪಿಸಿದ ಮೇಲೆ ತಾನು ಬಿಡುವಂಥದೇ ಉಸಿರು ಅದು ಎಂದು ಭವ್ಯಳಿಗೆ ಗೊತ್ತಾಯಿತು. ತನ್ನಷ್ಟೇ ಚಿಕ್ಕವನಿದ್ದಾಗ ಮಾಮನೂ ದಿನಾ ಬೆಳಿಗ್ಗೆ ಆ ಕೈಯ ಎದುರಿಗೇ ಕುಳಿತಿರಬೇಕು.

ಸೋಮವಾರ ಆ ಬೆರಳು ಬಡಿದದ್ದು ತನಗಾಗಿ ಅಲ್ಲ.

ಅವಳು ಆಟೋದಿಂದ ಇಳಿದು, ಕಟ್ಟೆ ಹತ್ತಿ, ಅಜ್ಜಿಯ ಕೈಯ ಪಕ್ಕದಲ್ಲಿ ತನ್ನ ಕೈಯನ್ನೂ ಇಟ್ಟು ಕುಳಿತಳು.