ಮಂಜವ್ವನ ಎಡೆ

ಬಿಂದುಶ್ರೀ ನನ್ನ ಮೇಲೆ ಮುನಿಸಿಕೊಂಡದ್ದು ಒಂದು ಚೂರು ನಿಪ್ಪಟ್ಟಿಗಾಗಿ ಎಂದರೆ ಈಗಲೂ ಯಾರೂ ನಂಬುವುದಿಲ್ಲ.

ಬಾಳ್ಳುಪೇಟೆಯಲ್ಲಿ ಗೆಳೆಯ ಬಾಲುವಿನ ಟೈರ್ ಅಂಗಡಿಯ ಮೇಲೊಂದು ರೂಮಿತ್ತು. ಈಗ ಅಲ್ಲಿ ಬರೀ ಹಳೇ ಟ್ಯೂಬುಗಳ ರಾಶಿ. ಐದು ವರ್ಷದ ಹಿಂದೆ ಪ್ರತಿ ಭಾನುವಾರ ಮಧ್ಯಾಹ್ನ ನಾವು ಮೂವರು ಅಲ್ಲಿ ನಕ್ಷೆ ಹರಡಿ, ದಾಳ ಉರುಳಿಸಿ, ಕಥೆ ಕಟ್ಟುವ ಆಟ ಆಡುತ್ತಿದ್ದೆವು. ಆಟದಲ್ಲಿ ಬಾಲು ಕತ್ತಿ ಹಿಡಿದ ವೀರ. ಬಿಂದು ಮಂಜವ್ವ ಎಂಬ ದೇವಿಯ ಪೂಜಾರಿಣಿ. ಕಥೆ ನಡೆಸುವವನು ನಾನು, ದೇವು. ರಾಜ, ಕಳ್ಳ, ಕುದುರೆ, ಎಲ್ಲರ ದನಿಯೂ ನನ್ನದೇ. ಮಂಜವ್ವನನ್ನು ಕೂಡ ಒಂದು ಬಸ್ ಟಿಕೆಟ್ಟಿನ ಹಿಂದೆ ನಾನೇ ಗೀಚಿ ಹುಟ್ಟಿಸಿದ್ದೆ.

ಆಟಕ್ಕೆ ಮುಂಚೆ ಬಿಂದು ನಕ್ಷೆಯ ಮೂಲೆಯಲ್ಲಿ ನಿಪ್ಪಟ್ಟಿನ ಚೂರೊಂದನ್ನು ಇಡುತ್ತಿದ್ದಳು. ಮಂಜವ್ವನಿಗೆ ಎಡೆ. ಇಟ್ಟು ಕಣ್ಣು ಮುಚ್ಚುತ್ತಿದ್ದಳು. ಅಷ್ಟು ಹೊತ್ತು ನಾನು ಅವಳ ರೆಪ್ಪೆಗಳನ್ನು ನೋಡುತ್ತಿದ್ದೆ. ರೆಪ್ಪೆ ತೆರೆದರೆ ನನ್ನ ಕಣ್ಣು ದಾಳದ ಮೇಲೆ.

ಒಂದು ಭಾನುವಾರ ಅವಳ ಪೂಜಾರಿಣಿ ಮುರಿದ ಸೇತುವೆಯ ಮುಂದೆ ಮಂಡಿಯೂರಿ ದೇವಿಯನ್ನು ದಾರಿ ಕೇಳಿದಳು. ನನಗೆ ಚೇಷ್ಟೆ ಹತ್ತಿತು. ಎಡೆ ಎತ್ತಿ ಬಾಯಿಗೆ ಹಾಕಿಕೊಂಡು, ಬಸ್ ಕಂಡಕ್ಟರನ ಮೂಗುದನಿಯಲ್ಲಿ ದೇವಿಯಾದೆ: "ಖಾರ ಸಾಲ್ದು ಕಣಮ್ಮ. ಹಿಂದಕ್ಕೆ ಹೋಗಿ, ಹಿಂದಕ್ಕೆ ಹೋಗಿ."

ಬಾಲು ಬಿದ್ದುಬಿದ್ದು ನಕ್ಕ. ಬಿಂದು ದಾಳ ಕೆಳಗಿಟ್ಟಳು.

"ಆಟದ ದೇವ್ರು ಕಣೇ ಮಾರಾಯ್ತಿ," ಎಂದ ಬಾಲು.

"ಬರೆದೋನು ದೇವು ಇರ್ಬೋದು. ಆರು ತಿಂಗಳಿಂದ ಆಯಮ್ಮಂಗೆ ನಡ್ಕೊಂಡ್ ಬಂದೋಳು ನಾನು," ಎಂದು ಬಿಂದು ಮೆಟ್ಟಿಲಿಳಿದು ಹೋದಳು.

ಎರಡು ಭಾನುವಾರ ಅವಳು ಬರಲಿಲ್ಲ. ಆಟ ನಿಂತರೆ ನಿಲ್ಲಲಿ. ಇನ್ನು ಅವಳನ್ನು ನೋಡಲು ನನಗೆ ಯಾವ ನೆಪವಿತ್ತು?

ಮಂಗಳವಾರ ಆಲೂರಿನ ಬಸ್ ಹತ್ತಿದೆ. ತಾಲ್ಲೂಕು ಕಚೇರಿಯೆದುರಿನ ಅಂಗಡಿಯಲ್ಲಿ ಅವಳು ಜನರ ಅರ್ಜಿ ಟೈಪ್ ಮಾಡುತ್ತಿದ್ದಳು. ಪಹಣಿ ಹಿಡಿದವರ ಸಾಲಿನಲ್ಲಿ ನಾನೂ ನಿಂತೆ.

"ಏನರ್ಜಿ?" ಅವಳು ತಲೆಯೆತ್ತಲಿಲ್ಲ.

"ಕ್ಷಮೆ ಕೋರಿ."

ಬೆರಳುಗಳು ನಿಂತವು. ಮತ್ತೆ ನಡೆದವು. "ಯಾರಿಗೆ?"

"ಮಂಜವ್ವನವರ ಸನ್ನಿಧಿಗೆ."

"ತಪ್ಪಿನ ವಿವರ?"

"ಎಡೆ ತಿಂದ್ಬುಟ್ಟೆ. ನಂಬಿರೋರ ಎದುರಿಗೇ ಅಣಕಿಸ್ದೆ. ಇನ್ಮೇಲೆ ದೇವಿ ಏನಂದ್ಲು ಅಂತ ಪೂಜಾರಿಣೀನೇ ಹೇಳ್ಲಿ. ಸೇತುವೆ, ಕಳ್ಳರು, ಕುದುರೆ ನಾನ್ ನೋಡ್ಕೋತೀನಿ."

ಈಗ ನೋಡಿದಳು. ತುಟಿಯ ಒಂದು ತುದಿ ಮಾತ್ರ ಅಲುಗಿತು.

"ಊರೋರ ದನಿಯೆಲ್ಲ ಮಾಡ್ತೀಯ. ನಂದು ಒಂದಿನಾನೂ ಯಾಕೋ ಮಾಡಿಲ್ಲ?"

"ಒಬ್ನೇ ಇದ್ದಾಗ ಮಾಡ್ ನೋಡಿದೀನಿ. ನಿನ್ ದನೀಲಿ ನನ್ ಹೆಸರು ಕರ್ಕೊಂಡ್ರೆ, ಅಲ್ಲಿಂದ ಮುಂದಕ್ಕೆ ಹೋಗಾಕೇ ಆಗಲ್ಲ."

ಹಿಂದಿದ್ದ ಹಿರಿಯರು ಕೆಮ್ಮಿದರು. "ತಮ್ಮ, ನಿಂದು ದೊಡ್ಡರ್ಜಿ ಐತೇನಪ್ಪ?"

ಬಿಂದು ಪ್ರಿಂಟ್ ತೆಗೆದು, ನನ್ನ ಸಹಿ ಹಾಕಿಸಿಕೊಂಡು, ಹಾಳೆಯನ್ನು ಮಡಚಿ ತನ್ನ ಬ್ಯಾಗಿಗೆ ಸೇರಿಸಿದಳು.

"ಭಾನುವಾರ ಬರ್ತೀನಿ, ದೇವು."

ತಲೆಯಾಡಿಸಿ ಹೊರಟೆ.

"ಇವತ್ತಿನ್ನೂ ಮಂಗಳವಾರ ಕಣೋ," ಎಂದಳು ಹಿಂದಿನಿಂದ, ಮೆಲ್ಲಗೆ. "ಅಲ್ಲೀಗಂಟ ಕಾಯೋಕೆ ನನ್ ಕೈಲಾಗಲ್ಲ. ಐದೂವರೆಗೆ ಅಂಗಡಿ ಮುಚ್ತೀನಿ."