ಕೊನೆಯ ಸಾಲಿನ ಮೇಷ್ಟ್ರು

ಗಾದೆ ಸುಳ್ಳಾದರೂ ಕಥೆ ಸುಳ್ಳಾಗದು. ಇದು ನನ್ನ ಕಿವಿಯಾರೆ ಕೇಳಿದ್ದು.

ಮಹಾನಗರದ ಗದ್ದಲದ ನಡುವಿನ ಆ ಪುಟ್ಟ ಸಭಾಂಗಣದಲ್ಲಿ ಇದ್ದದ್ದು ಎಂಬತ್ತೇ ಕುರ್ಚಿ. ಮರುದಿನ ಅಲ್ಲಿ ನನ್ನ ತಂಗಿಯ ಮೊದಲ ಪಿಟೀಲು ಕಛೇರಿ. ಹನ್ನೆರಡು ವರ್ಷ ಕಲಿಸಿಯೂ ಒಮ್ಮೆಯೂ ಹೊಗಳದ ಅವಳ ಮೇಷ್ಟ್ರು ತೀರಿಕೊಂಡು ತಿಂಗಳಾಗಿತ್ತು.

“ಅವರಿದ್ದಿದ್ರೆ ನನ್ನನ್ನ ವೇದಿಕೆ ಹತ್ತೋಕೇ ಬಿಡ್ತಿರಲಿಲ್ಲ” ಎಂದು ಅಳುಕುತ್ತಲೇ ಅವಳು ಮಧ್ಯಾಹ್ನ ಅಭ್ಯಾಸಕ್ಕೆ ಕೂತಳು. ನಾನು ಕೊನೆಯ ಸಾಲಿನ ಕತ್ತಲಲ್ಲಿ ಅಡಗಿದೆ. ಅಲ್ಲಿ ಹಲ್ಲು ಕಟಕಟ ಎನ್ನುವಷ್ಟು ಚಳಿ. ಪಕ್ಕದ ಖಾಲಿ ಕುರ್ಚಿ ಮಾತ್ರ, ಈಗಷ್ಟೇ ಯಾರೋ ಎದ್ದುಹೋದಂತೆ ಬೆಚ್ಚಗಿತ್ತು.

ಅವಳು ನುಡಿಸಿ ಮುಗಿಸಿದ ಕೂಡಲೇ ಮೇಷ್ಟ್ರ ಕೀರಲು ಗಂಟಲಲ್ಲಿ “ಭೇಷ್!” ಎಂದೆ.

ಬೆಚ್ಚಿಬಿದ್ದವಳು ಸಾವರಿಸಿಕೊಂಡು ರೇಗಿದಳು. “ಅಣ್ಣಾ, ಗಂಟಲು ಅವರದ್ದೇ, ಮಾತು ನಿಂದು ಕಣೋ. ಆ ಮನುಷ್ಯ ಯಾವತ್ತು ಭೇಷ್ ಅಂದಿದ್ರು?”

“ಸಾಕು. ಇಳಿ ಕೆಳಗೆ” ಎಂದಿತು ಅದೇ ಗಂಟಲು, ನನ್ನ ಪಕ್ಕದಿಂದ.

“ಹಾಂ, ಈಗ ಸರಿಹೋಯ್ತು ನೋಡು!” ಎಂದು ತಂಗಿ ಬಿದ್ದು ಬಿದ್ದು ನಕ್ಕಳು. ನಗುತ್ತಲೇ ಪಿಟೀಲನ್ನು ಪೆಟ್ಟಿಗೆಯಲ್ಲಿಟ್ಟು ವೇದಿಕೆ ಇಳಿದಳು.

ಕಛೇರಿ ನಡೆಯಲಿಲ್ಲ. ಅವಳು ಮತ್ತೆ ಪೆಟ್ಟಿಗೆ ತೆರೆಯಲೂ ಇಲ್ಲ. ಆ ಎರಡನೇ ಮಾತು ನನ್ನದಲ್ಲವೆಂದು ಮನೆಮಂದಿಯ ಮುಂದೆ ಇಂದಿಗೂ ಆಣೆ ಹಾಕುತ್ತೇನೆ. ಎಲ್ಲರೂ ನಗುತ್ತಾರೆ, ಎಲ್ಲರಿಗಿಂತ ಜೋರಾಗಿ ನಗುವವಳು ಅವಳೇ.